ಗೃಹಾರೋಗ್ಯ: ಮೈಯನ್ನು ಕುರಿತ ಮಾತು

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಇದರ ಪೂರ್ವಾರ್ಧವನ್ನು ವೈದ್ಯರೂ ಉತ್ತರಾರ್ಧವನ್ನು ಮನೆಯ ಹಿರಿಯರೂ ನಮಗೆ ಬೇರೆಬೇರೆಯಾಗಿ ಬೋಧಿಸುತ್ತ ಬಂದಿರುವರು. ಆದರೆ ಗಾದೆಯು ಊಟವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಗಂಟುಹಾಕಿರುವುದು ನಿಷ್ಕಾರಣವಲ್ಲವೆಂದು ತೋರುವುದು. ಏತಕ್ಕೆಂದರೆ, ಎಲೆಯ ಮುಂದೆ ಕುಳಿತವರಿಗೆ ಆಡಿದ ಒಂದು ಮಾತಿನಿಂದ ಊಟ ಕೆಡುವುದುಂಟು. ಊಟ ಕೆಟ್ಟಲ್ಲಿ ಮೈ ಕೆಡುವುದು. ಮೈ ಕೆಟ್ಟ ಮೇಲೆ ಮನಸ್ಸು ನೆಟ್ಟಗಿರುವುದೆಂತು? ಈ ತಿಂಗಳು ನಮ್ಮ ವಾಚಕರ ಮುಂದೆ ಇಡಬೇಕೆಂದಿರುವುದು ಈ ವಿಷಯವನ್ನೇ: ನಾವು ಒಬ್ಬರ ಮೈಯನ್ನು ಕುರಿತು ಆಡುವ ಮಾತು, ಅದು ಅವರ ಆರೋಗ್ಯಕ್ಕೆ ಮಾಡುವ ಉಪಕಾರ ಅಥವಾ ಅಪಕಾರ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕನಕಪುರದ ಕಡೆಯ ಹಳ್ಳಿಯಿಂದ ಬಂದು ಬಿ.ಟಿ.ಎಂ. ಬಡಾವಣೆಯ ಪಿ.ಜಿ. ಒಂದರಲ್ಲಿ ಇಳಿದುಕೊಂಡು ಕೆಲಸಕ್ಕೆ ಹೋಗುವ ಇಪ್ಪತ್ತೆರಡು ವಯಸ್ಸಿನ ಹುಡುಗಿ. ಎತ್ತರ 155 ಸೆಂಟಿಮೀಟರು, ತೂಕ 52 ಕಿಲೋ. ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿ ಗಲ್ಲ ಸವರಿ, "ಏನವ್ವಾ, ಹಿಂಗೆ ಸೊರಗೋಗಿದ್ದೀಯ? ಬೆಂಗ್ಳೂರಲ್ಲಿ ಹೊಟ್ಟೆಗೆ ಸರ್ಯಾಗಿ ತಿನ್ನಾಕಿಲ್ವಾ?" ಎಂದು ಕಣ್ಣು ಒರೆಸಿಕೊಳ್ಳುವಳು. ಮರುವಾರ ಜಯನಗರದಲ್ಲಿರುವ ಚಿಕ್ಕಮ್ಮನ ಮನೆಗೆ ಹೋದರೆ, "ಸ್ವಲ್ಪ ದಪ್ಪ ಆಗಿದ್ದೀಯಲ್ಲೇ! ಈಗಲೇ ಹೀಗಾದರೆ ನಾಳೆ ಗಂಡಿನವರಿಗೆ ಏನು ಹೇಳುವುದು?" ಎಂಬ ಸ್ವಾಗತ. ಅಜ್ಜಿಯದೂ ಪ್ರೀತಿ, ಚಿಕ್ಕಮ್ಮನದೂ ಪ್ರೀತಿ. ಇಬ್ಬರಿಗೂ ಮಗುವಿನ ಹಿತವೇ ಬೇಕು. ಆದರೂ ಒಂದೇ ಮೈಗೆ ಒಂದೇ ವಾರದಲ್ಲಿ ಎರಡು ತೀರ್ಪು. ಆ ಹುಡುಗಿಯು ಯಾವುದನ್ನು ನಂಬತಕ್ಕದ್ದು?

ಹಳ್ಳಿಯ ಕಣ್ಣಿಗೂ ಪಟ್ಟಣದ ಕಣ್ಣಿಗೂ ಈ ಭೇದ ಬಂದುದು ಹೇಗೆಂದು ವಿಚಾರಿಸೋಣ. ನಮ್ಮ ನಾಡು ಬರಗಾಲವನ್ನು ಕಂಡ ನಾಡು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಬರದ ಪರಿಣಾಮವಾಗಿ, 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಇಂತಹ ಕಾಲವನ್ನು ಕಂಡವರ ಮಕ್ಕಳು ಮೊಮ್ಮಕ್ಕಳಿಗೆ ತುಂಬಿದ ಮೈಯೆಂದರೆ ತುಂಬಿದ ಕಣಜ. ಬಡಕಲು ಮೈಯೆಂದರೆ ಬಡತನದ ಗುರುತು, ಕ್ಷಯದ ಭಯ. "ಮೈಕೈ ತುಂಬಿಕೊಂಡಿದ್ದಾಳೆ" ಎಂಬುದು ಅಲ್ಲಿ ಹೊಗಳಿಕೆ. ಅದೂ ಕೂಡ ಬಾಯಿಬಿಟ್ಟು ಆಡತಕ್ಕ ಹೊಗಳಿಕೆಯಲ್ಲ; ಆಡಿದರೆ ದೃಷ್ಟಿ ತಾಗೀತೆಂದು ಸಂಜೆಗೆ ನಿವಾಳಿಸಿ ಹಾಕುವರು. ಪಟ್ಟಣದಲ್ಲಿಯಾದರೋ ಅನ್ನಕ್ಕೆ ಬರವಿಲ್ಲ, ನಡಿಗೆಗೆ ಬರ. ಕುರ್ಚಿಯ ಕೆಲಸ, ವಾಹನದ ಓಡಾಟ, ಕರೆದಲ್ಲಿಗೆ ಬಂದು ನಿಲ್ಲುವ ತಿಂಡಿ. ಇಂತಲ್ಲಿ ತೆಳ್ಳಗಿರುವುದೇ ಅಪರೂಪವಾಗಿ, ಅಪರೂಪವಾದುದೇ ಅಂತಸ್ತಿನ ಚಿಹ್ನೆಯಾಯಿತು.

ದಕ್ಷಿಣ ಬೆಂಗಳೂರಿನಲ್ಲಿ ಈ ಎರಡು ಕಣ್ಣುಗಳೂ ಒಂದೇ ಬೀದಿಯಲ್ಲಿ ಕೂಡುವುವು. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರದ ಸುತ್ತ ಬೆಳೆದ ಬಡಾವಣೆಗಳೆಲ್ಲ ಹಳ್ಳಿಗಳನ್ನು ಒಡಲಲ್ಲಿಟ್ಟುಕೊಂಡೇ ಬೆಳೆದವು. ಬಿ.ಟಿ.ಎಂ. ಎಂಬ ಮೂರಕ್ಷರವೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರು. ಜೆ.ಪಿ. ನಗರದೊಳಗೆ ಸಾರಕ್ಕಿ, ಪುಟ್ಟೇನಹಳ್ಳಿ. ಬನಶಂಕರಿಯ ಮಗ್ಗುಲಲ್ಲಿ ಕತ್ರಿಗುಪ್ಪೆ, ಯಡಿಯೂರು. ಬೆಳಗಿನ ಜಾವದಲ್ಲಿ ಉದ್ಯಾನವನದ ಸುತ್ತ ತೂಕ ಇಳಿಸಲು ಗಂಡಸರೂ ಹೆಂಗಸರೂ ಬಿರುಸಾಗಿ ನಡೆಯುವ ಹೊತ್ತಿಗೇ, ಅದೇ ರಸ್ತೆಯಲ್ಲಿ ಮನೆಗೆಲಸಕ್ಕೂ ಬೊಮ್ಮನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ಒಂದು ಲೋಟ ಕಾಫಿ ಕುಡಿದು ಬಿರುಸಾಗಿ ನಡೆಯುವ ಹೆಂಗಸರಿರುವರು. ಒಬ್ಬಳ ನಡಿಗೆ ಮೈ ಕರಗಲೆಂದು. ಇನ್ನೊಬ್ಬಳಿಗೆ ಕರಗಿಸುವುದಕ್ಕೆ ಮೈಯೇ ಇಲ್ಲ.

ಇದು ಬರಿಯ ಮಾತಿನ ಅಲಂಕಾರವಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 17 ಮಂದಿ ಇರಬೇಕಾದುದಕ್ಕಿಂತ ಕೃಶರು; ಸುಮಾರು 30 ಮಂದಿ ಇರಬೇಕಾದುದಕ್ಕಿಂತ ಸ್ಥೂಲರು; ಸುಮಾರು 48 ಮಂದಿಗೆ ರಕ್ತಹೀನತೆ. ಇಡೀ ದೇಶದ ಲೆಕ್ಕವನ್ನು ನೋಡಿದರೆ, ಕೃಶರಾದ ಸ್ತ್ರೀಯರು ಹಳ್ಳಿಗಳಲ್ಲಿ ನೂರಕ್ಕೆ 21, ಪಟ್ಟಣಗಳಲ್ಲಿ 13. ಸ್ಥೂಲರಾದವರು ಹಳ್ಳಿಗಳಲ್ಲಿ 20, ಪಟ್ಟಣಗಳಲ್ಲಿ 33. ಹಳ್ಳಿಯಲ್ಲಿಯೂ ಐವರಲ್ಲೊಬ್ಬಳು ಸ್ಥೂಲಳೆಂಬುದನ್ನೂ, ಪಟ್ಟಣದಲ್ಲಿಯೂ ಎಂಟರಲ್ಲೊಬ್ಬಳು ಕೃಶಳೆಂಬುದನ್ನೂ ವಾಚಕರು ಗಮನಿಸಬೇಕು. "ಹಳ್ಳಿಯವರು ಗಟ್ಟಿ, ಪಟ್ಟಣದವರು ಪೊಳ್ಳು" ಎಂಬ ನಮ್ಮ ಹಳೆಯ ನಂಬಿಕೆಯು ದೂರದ ಬೆಟ್ಟವನ್ನು ನುಣ್ಣಗೆ ಕಂಡ ನಂಬಿಕೆಯೇ ಸರಿ.

ಇನ್ನು ಕಣ್ಣಿನ ಅಭಿರುಚಿಯು ಎಷ್ಟು ಬೇಗ ಬದಲಾಗಬಲ್ಲುದೆಂಬುದಕ್ಕೆ ಸಮುದ್ರದಾಚೆಯ ಒಂದು ನಿದರ್ಶನವುಂಟು. ಫಿಜಿ ದ್ವೀಪದ ಮೂಲನಿವಾಸಿಗಳಲ್ಲಿ ದುಂಡುಮೈಯೇ ಸೌಂದರ್ಯ. ಉಂಡು ತೃಪ್ತರಾಗಿರುವುದೇ ಗೌರವ. 1995ರಲ್ಲಿ ಅಲ್ಲಿಯ ಒಂದು ಪ್ರಾಂತಕ್ಕೆ ಟೆಲಿವಿಷನ್ ಬಂದಿತು. ಆನ್ ಬೆಕರ್ ಎಂಬ ವಿದುಷಿಯು ಆಗ ಒಮ್ಮೆ, 1998ರಲ್ಲಿ ಇನ್ನೊಮ್ಮೆ, ಶಾಲೆಯ ಬಾಲೆಯರನ್ನು ವಿಚಾರಿಸಿದಳು. ತೂಕ ಇಳಿಸುವುದಕ್ಕಾಗಿ ಉಂಡುದನ್ನು ಬೇಕೆಂದೇ ಕಕ್ಕುವ ಬಾಲೆ ಮೊದಲ ವಿಚಾರಣೆಯಲ್ಲಿ ಒಬ್ಬಳೂ ಇರಲಿಲ್ಲ. ಮೂರೇ ವರ್ಷಗಳಲ್ಲಿ ನೂರಕ್ಕೆ 11 ಮಂದಿ ಹಾಗೆ ಮಾಡುತ್ತಿದ್ದರು. ತಲೆತಲಾಂತರದಿಂದ ಬಂದ ಅಭಿರುಚಿಯನ್ನು ಮೂರು ವರ್ಷದ ಚಿತ್ರಗಳು ಅಲುಗಿಸಿದುವು. ಆಗಿನ ಟೆಲಿವಿಷನ್ನಾದರೋ ಮನೆಯ ನಡುಮನೆಯಲ್ಲಿ ಎಲ್ಲರ ಎದುರಿಗೆ ಇತ್ತು; ಇಂದಿನ ಇನ್‌ಸ್ಟಾಗ್ರಾಮು ಹೊದಿಕೆಯೊಳಗೆ, ಅಂಗೈಯಲ್ಲಿ, ರಾತ್ರಿ ಹನ್ನೆರಡು ಗಂಟೆಗೂ ಬೆಳಗುತ್ತಿರುವುದು. ಅದರಲ್ಲಿ ಕಾಣುವ ಮುಖಗಳೂ ಸೊಂಟಗಳೂ ಎಷ್ಟೋ ಬಾರಿ ಯಂತ್ರದಿಂದ ತಿದ್ದಿದವು. ಇಲ್ಲದ ಮೈಯೊಡನೆ ಇರುವ ಮೈಯನ್ನು ಹೋಲಿಸಿ ಕೊರಗುವುದಕ್ಕಿಂತ ದೊಡ್ಡ ನಷ್ಟ ಯಾವುದು?

ನಮ್ಮ ಬೆಂಗಳೂರಿಗೂ ಈ ವಿಷಯದಲ್ಲಿ ಒಂದು ಚರಿತ್ರೆಯುಂಟು. ಗರಡಿಯ ಮಟ್ಟಿಯಲ್ಲಿ ದಂಡ ಬಸ್ಕಿ ತೆಗೆದು ಬೆಳೆದ ಊರು ಇದು. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಪ್ರೊಫೆಸರ್ ಕೆ.ವಿ. ಅಯ್ಯರ್ ಅವರು ಇಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಕಬ್ಬಿಣದ ಗುಂಡಿನ ಜೊತೆಗೆ ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಕಲಿಸಿ, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠಗಳನ್ನು ಕಳುಹಿಸಿ ಹೆಸರಾದರು. ಅವರ ದೇಹಸೌಷ್ಠವದ ಭಾವಚಿತ್ರಗಳು ಪುಸ್ತಕಗಳಲ್ಲಿ ಅಚ್ಚಾದವು. ಅದೇ ಅಯ್ಯರ್ ಅವರೇ 'ಶಾಂತಲಾ', 'ರೂಪದರ್ಶಿ' ಎಂಬ ಕಾದಂಬರಿಗಳ ಕರ್ತೃ. ಬಾಲ್ಯದಲ್ಲಿ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾದ ಮುಖವೇ ಬದುಕಿನ ಏಳುಬೀಳುಗಳಲ್ಲಿ ಕೆಟ್ಟು, ಮುಂದೆ ದ್ರೋಹಿಯಾದ ಜೂದಾಸನ ಚಿತ್ರಕ್ಕೆ ಮಾದರಿಯಾಗುವ ಕಥೆ 'ರೂಪದರ್ಶಿ'ಯದು. ಮೈಯ ಅಂದವನ್ನು ಆಯುಷ್ಯವಿಡೀ ಸಾಧಿಸಿದ ಮನುಷ್ಯನು ಮುಖಕ್ಕೆ ರೂಪ ಕೊಡುವುದು ಒಳಗಿನ ಬಾಳೆಂದು ಬರೆದುದು ಮನನಯೋಗ್ಯವಾಗಿದೆ.

1996ರ ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಊರೇ ಎರಡಾಯಿತು. ಮಹಿಳಾ ಸಂಘಗಳೂ ರೈತಸಂಘದವರೂ ವಿರೋಧಿಸಿದರು. ಪೋಲೀಸರ ಕಾವಲಿನಲ್ಲಿ ಸ್ಪರ್ಧೆ ಜರುಗಿತು. ಈಜುಡುಗೆಯ ಭಾಗವನ್ನು ಸೇಶೆಲ್ಸ್ ದ್ವೀಪಕ್ಕೆ ಕಳುಹಿಸಿದರು. ವಾದವೆಲ್ಲ ವೇದಿಕೆಯ ಮೇಲಿನ ಮೈಗಳನ್ನು ಕುರಿತದ್ದು. ಆದರೆ ಮನೆಮನೆಯಲ್ಲಿ ನಡೆಯುವ ಸ್ಪರ್ಧೆಗೆ, ಎಂದರೆ ಹೆಣ್ಣು ನೋಡುವ ಶಾಸ್ತ್ರದ ದಿನ ಚಾಪೆಯ ಮೇಲೆ ನಡೆಯುವ ಪರೀಕ್ಷೆಗೆ, ಎಂದಾದರೂ ಯಾರಾದರೂ ಕಾವಲು ಹಾಕಿದ್ದುಂಟೇ? "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ಸ್ವಲ್ಪ ಕಡಮೆ" ಎಂಬ ತೀರ್ಪನ್ನು ಕಾಫಿಯ ಲೋಟ ಕೆಳಗಿಡುವುದರೊಳಗೆ ಕೊಟ್ಟು ಎದ್ದುಹೋಗುವವರನ್ನು ನಾವೆಲ್ಲ ಬಲ್ಲೆವು.

ಈ ಮಾತುಗಳ ಬೆಲೆಯೇನು? 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ, ಕಿರುತೆರೆಯಲ್ಲಿ ನಟಿಸುತ್ತಿದ್ದ 21 ವರ್ಷದ ಹೆಣ್ಣುಮಗಳೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ತೀರಿಕೊಂಡಳು. ಆ ವಯಸ್ಸಿನ ಮಗಳು ಮನೆಯಲ್ಲಿರುವ ಯಾವ ತಂದೆತಾಯಿಯೂ ಆ ಸುದ್ದಿಯನ್ನು ಮರೆಯಲಾರರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದಾಗ, ಅಂತಹ ಕಟ್ಟುಮಸ್ತಾದ ಮೈಗೂ ಹೀಗಾಯಿತೇ ಎಂದು ನಾಡು ದಿಗ್ಭ್ರಮೆಗೊಂಡಿತು; ಮುಂದಿನ ದಿನಗಳಲ್ಲಿ ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಜನ ಮುಗಿಬಿದ್ದರು. ಹೊರಗಿನ ಮೈಕಟ್ಟು ಒಳಗಿನ ಹೃದಯಕ್ಕೆ ಸಾಕ್ಷಿ ಹೇಳಲಾರದು. ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಅಂಶ, ಇವುಗಳನ್ನು ತೋರಿಸುವ ಕನ್ನಡಿ ಯಾರ ಮನೆಯಲ್ಲಿಯೂ ಇಲ್ಲ. ಅದು ವೈದ್ಯರ ಬಳಿಯಲ್ಲಿಯೇ ಇರುವುದು.

ಹಾಗಾದರೆ ಮೈಯನ್ನು ಅಳೆಯುವುದು ಹೇಗೆ? ಕಿಲೋ ಲೆಕ್ಕದ ತೂಕವನ್ನು ಮೀಟರು ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವ ಅಂಕಿಗೆ ಬಿ.ಎಂ.ಐ. ಎಂದು ಹೆಸರು. ನಮ್ಮ ದೇಶದವರಿಗೆ 18.5ರಿಂದ 23ರ ಒಳಗಿದ್ದರೆ ಕ್ಷೇಮವೆಂದು ವೈದ್ಯರ ಅಭಿಪ್ರಾಯ. ಮೇಲೆ ಹೇಳಿದ ಹುಡುಗಿಯ 52 ಕಿಲೋವನ್ನು 1.55ರಿಂದ ಎರಡು ಬಾರಿ ಭಾಗಿಸಿ ನೋಡಿರಿ; 21.6 ಬರುವುದು. ಎಂದರೆ ಅಜ್ಜಿಯ ಕಣ್ಣೀರೂ ಅನಾವಶ್ಯಕ, ಚಿಕ್ಕಮ್ಮನ ಆತಂಕವೂ ಅನಾವಶ್ಯಕ. ಆದರೆ ಈ ಲೆಕ್ಕವನ್ನೂ ವೇದವಾಕ್ಯವೆಂದು ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂ ದೇಶದ ಕೆಟ್ಲೆ ಎಂಬ ಗಣಿತಜ್ಞನು ಇದನ್ನು ಕಂಡುಹಿಡಿದುದು ಜನಸಮೂಹದ ಸರಾಸರಿಯನ್ನು ತಿಳಿಯುವುದಕ್ಕೇ ಹೊರತು ಒಬ್ಬೊಬ್ಬರ ರೋಗವನ್ನು ನಿರ್ಣಯಿಸುವುದಕ್ಕಲ್ಲ. ನಮ್ಮವರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆಯಲ್ಲಿ ಮಾತ್ರ ಬೊಜ್ಜು ಕೂಡುವ ಮೈಗಳು ಬಹಳ. ಸಕ್ಕರೆಕಾಯಿಲೆಯು ಇಂತಹ 'ತೆಳ್ಳನೆಯವರನ್ನೂ' ಹಿಡಿಯುವುದು. ಆದಕಾರಣ ಸೊಂಟದ ಸುತ್ತಳತೆಯು ಸ್ತ್ರೀಯರಿಗೆ 80 ಸೆಂಟಿಮೀಟರನ್ನೂ ಪುರುಷರಿಗೆ 90 ಸೆಂಟಿಮೀಟರನ್ನೂ ಮೀರದಂತೆ ನೋಡಿಕೊಳ್ಳುವುದು ಲೇಸು. ಇದಕ್ಕೆ ಬೇಕಾದುದು ದರ್ಜಿಯ ಒಂದು ಟೇಪು ಮಾತ್ರ.

ಮದುವೆಯ ಸೀರೆ ಒಪ್ಪಲೆಂದು ಮಗಳಿಗೆ ಉಪವಾಸ ಹೇಳಿಕೊಡುವ ತಾಯಂದಿರು ಮೈಸೂರಿನ ಒಂದು ಸಂಗತಿಯನ್ನು ಅರಿಯಬೇಕು. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯವರು 1934ರಿಂದ ತಮ್ಮಲ್ಲಿ ಹುಟ್ಟಿದ ಶಿಶುಗಳ ತೂಕವನ್ನೂ ಉದ್ದವನ್ನೂ ಬರೆದಿಟ್ಟಿದ್ದರು. ಆ ಶಿಶುಗಳು ನಡುವಯಸ್ಸಿಗೆ ಬಂದ ಮೇಲೆ ವೈದ್ಯರು ಅವರನ್ನು ಹುಡುಕಿ ಪರೀಕ್ಷಿಸಿ, 1996ರಲ್ಲಿ ಪ್ರಕಟಿಸಿದ ಫಲಿತಾಂಶವೇನೆಂದರೆ, ಹುಟ್ಟಿದಾಗ ತೂಕ ಕಡಮೆಯಿದ್ದವರಲ್ಲಿ ಹೃದ್ರೋಗವು ಹೆಚ್ಚು. ತಾಯಿಯ ಮೈ ಬಡವಾದರೆ ಕೂಸಿನ ತೂಕ ಬಡವಾಗುವುದೆಂಬುದು ಎಲ್ಲರೂ ಬಲ್ಲ ಮಾತು. ಹೀಗಿರುವಲ್ಲಿ, ಇಂದು ಹುಡುಗಿಯ ಎಲೆಯಿಂದ ತೆಗೆದ ಒಂದು ತುತ್ತು ನಾಲ್ವತ್ತು ವರ್ಷಗಳ ಮೇಲೆ ಅವಳ ಮಗನ ಎದೆಯಲ್ಲಿ ನೋವಾಗಿ ಬಂದೀತು.

ಬಣ್ಣದ ವಿಷಯವಾಗಿ ಎರಡೇ ಮಾತು. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಎಂಬ ಲೇಪವು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬ ಶಬ್ದವನ್ನು ಕಳಚಿಹಾಕಿತು. ಡಬ್ಬಿಯ ಮೇಲಿನ ಹೆಸರು ಅಳಿಸಿದಷ್ಟು ಸುಲಭವಾಗಿ ನಮ್ಮ ನಾಲಗೆಯ ಮೇಲಿನ ಹೆಸರು ಅಳಿಸಿತೇ? ಇದಕ್ಕಿಂತ ಭಯಂಕರವಾದುವು ಹೆಸರು ವಿಳಾಸವಿಲ್ಲದೆ ಮಾರಾಟವಾಗುವ ಲೇಪಗಳು. ಅವುಗಳಲ್ಲಿ ಪಾದರಸವಿದ್ದರೆ ಮೂತ್ರಪಿಂಡಕ್ಕೆ ಅಪಾಯ; ಸ್ಟಿರಾಯ್ಡ್ ಇದ್ದರೆ ಚರ್ಮವೇ ತೆಳುವಾಗಿ ಕೆಂಪೇರಿ ಮೊದಲಿಗಿಂತ ಕೆಡುವುದು. ವೈದ್ಯರ ಚೀಟಿಯಿಲ್ಲದೆ ಇಂತಹುದನ್ನು ಮುಖಕ್ಕೆ ಸೋಕಿಸಕೂಡದು.

ಗಂಡುಮಕ್ಕಳು ಈ ಸಂಕಟದಿಂದ ಪಾರಾದರೆಂದು ತಿಳಿಯಬೇಡಿರಿ. "ನರಪೇತಲ" ಎಂದು ಕಾಲೇಜಿನಲ್ಲಿ ಹೆಸರಿಟ್ಟರೆಂದು ಜಿಮ್ಮಿಗೆ ಸೇರಿ, ಮೂರೇ ತಿಂಗಳಲ್ಲಿ ತೋಳು ಬೆಳೆಯಬೇಕೆಂದು ಪುಡಿಗಳನ್ನೂ ಚುಚ್ಚುಮದ್ದುಗಳನ್ನೂ ನಂಬುವ ತರುಣರುಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರಸೂತ್ರಗಳಲ್ಲಿ ಮೈಬೆಳೆಸಲು ಪ್ರೋಟೀನ್ ಪುಡಿ ಬೇಡವೆಂದೇ ಹೇಳಿದೆ. ಹುರುಳಿ, ಅವರೆ, ಹೆಸರುಕಾಳು, ಮೊಸರು, ಒಪ್ಪುವವರಿಗೆ ಮೊಟ್ಟೆ ಮೀನು, ಇವು ಇರುವ ಅಡುಗೆಮನೆಗೆ ಡಬ್ಬಿಯ ಹಂಗೇತಕ್ಕೆ?

ಈಗ ಮನೆಯವರು ಮಾಡತಕ್ಕದ್ದನ್ನು ಸಂಗ್ರಹವಾಗಿ ಹೇಳುವೆವು.

ಮೊದಲನೆಯದು: ಬಂದವರನ್ನು ಮೈಯ ವರ್ಣನೆಯಿಂದ ಸ್ವಾಗತಿಸುವ ರೂಢಿಯನ್ನು ಬಿಡಬೇಕು. "ದಪ್ಪಗಾದೆ, ಸಣ್ಣಗಾದೆ, ಕಪ್ಪಗಾದೆ" ಎಂಬುದರ ಬದಲು "ಚೆನ್ನಾಗಿದ್ದೀಯಾ? ನಿದ್ರೆ ಬರುತ್ತದೆಯೇ? ಕೆಲಸ ಹೇಗಿದೆ?" ಎಂದರೆ ಪ್ರೀತಿಗೆ ಕೊರತೆಯಾಗದು. ದೃಷ್ಟಿ ತಾಗೀತೆಂದು ಹೊಗಳದಿದ್ದ ನಮ್ಮ ಹಿರಿಯರು, ತೆಗಳುವಾಗಲೂ ಅಷ್ಟೇ ಎಚ್ಚರದಿಂದಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಎರಡನೆಯದು: ಊಟದ ಹೊತ್ತಿನಲ್ಲಿ ತೂಕದ ಮಾತು ಕೂಡದು. ತೂಕವು ನಿಜವಾಗಿಯೂ ಹೆಚ್ಚಿದ್ದರೆ, ಅಣಕದಿಂದ ಅದು ಇಳಿಯದು. ಅಣಕಕ್ಕೆ ಒಳಗಾದ ಮಕ್ಕಳು ಮರೆಯಲ್ಲಿ ಇನ್ನಷ್ಟು ತಿನ್ನುವರು. ಒಬ್ಬರಿಗೆಂದು ಬೇರೆ ಪಥ್ಯ ಮಾಡದೆ ಮನೆಯ ಅಡುಗೆಯನ್ನೇ ತಿದ್ದಿರಿ. ಎಣ್ಣೆ, ಸಕ್ಕರೆ, ಉಪ್ಪು ಎಲ್ಲರಿಗೂ ಕಡಮೆಯಾಗಲಿ. ಸೊಪ್ಪು ತರಕಾರಿ ಎಲ್ಲರಿಗೂ ಹೆಚ್ಚಲಿ. ಊಟವಾದ ಮೇಲೆ ಎಲ್ಲರೂ ಕೂಡಿ ಒಂದು ಸುತ್ತು ನಡೆದು ಬನ್ನಿರಿ.

ಮೂರನೆಯದು: ಬಣ್ಣವನ್ನು ನೋಡುವ ಕಣ್ಣು ಕಣ್ರೆಪ್ಪೆಯ ಒಳಭಾಗವನ್ನೂ ನೋಡಲಿ. ಅದು ಬಿಳಿಚಿಕೊಂಡಿದ್ದು, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ, ರಕ್ತಪರೀಕ್ಷೆ ಮಾಡಿಸಿರಿ. ಊಟದೊಡನೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶವು ಮೈಗೆ ಚೆನ್ನಾಗಿ ಹತ್ತುವುದು; ಊಟದ ಜೊತೆಗೇ ಕಾಫಿ ಟೀ ಕುಡಿದರೆ ಹತ್ತದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಊರಿನಿಂದ ಬಂದ ಹುಡುಗಿಯು ಪಟ್ಟಣದಲ್ಲಿ ಮುದ್ದೆಗೆ ನಾಚಬೇಕಾದುದಿಲ್ಲ. ಮನೆಯವರಿಗೆಲ್ಲ ಬಡಿಸಿ, ಮಿಕ್ಕುದನ್ನು ಕೊನೆಯಲ್ಲಿ ಉಣ್ಣುವ ಹೆಂಗಸರ ಪದ್ಧತಿಯೂ ಇನ್ನು ಸಾಕು. ಮನೆಗೆಲಸಕ್ಕೆ ಬರುವಾಕೆ ಬೆಳಿಗ್ಗೆ ಏನು ತಿಂದು ಬಂದಳೆಂದು ಕೇಳುವುದೂ ಗೃಹಸ್ಥಧರ್ಮವೇ.

ನಾಲ್ಕನೆಯದು: ರೋಗದ ಕುರುಹುಗಳನ್ನು ಗುರುತಿಸಬೇಕು. ಒಬ್ಬಳು ಹುಡುಗಿಯು, ಅಥವಾ ಹುಡುಗನು, ಊಟವನ್ನು ಪದೇಪದೇ ತಪ್ಪಿಸಿದರೆ. ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ. ದಿನಕ್ಕೆ ಹತ್ತು ಬಾರಿ ತೂಕ ನೋಡಿಕೊಂಡರೆ. ತಿಂಗಳ ಮುಟ್ಟು ನಿಂತುಹೋದರೆ. ಸಮಾರಂಭಗಳಿಗೆ ಬರಲೊಲ್ಲದೆ ಕೋಣೆ ಸೇರಿದರೆ, ಅದನ್ನು ಹಟವೆಂದು ಗದರಿಸಬೇಡಿರಿ. ಇದು ವೈದ್ಯಶಾಸ್ತ್ರವು ಬಲ್ಲ ಕಾಯಿಲೆ. ಅಲಕ್ಷ್ಯಮಾಡಿದರೆ ಪ್ರಾಣಕ್ಕೇ ಬರಬಹುದು. ಕಾಲಕ್ಕೆ ಸರಿಯಾಗಿ ಚಿಕಿತ್ಸೆಯಾದರೆ ಗುಣವಾಗುವುದು. ಜಯನಗರಕ್ಕೆ ಸಮೀಪದಲ್ಲಿಯೇ ಹೊಸೂರು ರಸ್ತೆಯ ಮೇಲೆ, 1974ರಲ್ಲಿ ಈಗಿನ ರೂಪವನ್ನು ಪಡೆದ ನಿಮ್ಹಾನ್ಸ್ ಸಂಸ್ಥೆಯಿದೆ. ದೂರದ ಹಳ್ಳಿಯಲ್ಲಿರುವವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416 ಎಂಬ ಸಂಖ್ಯೆಗೆ, ಹಗಲಾಗಲಿ ರಾತ್ರಿಯಾಗಲಿ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹುಚ್ಚರ ಆಸ್ಪತ್ರೆಯೆಂಬ ಹಳೆಯ ಸಂಕೋಚವು ಮಕ್ಕಳ ಪ್ರಾಣಕ್ಕಿಂತ ದೊಡ್ಡದಲ್ಲ.

ಕೊನೆಯದು: ತಾಯಿಯು ಕನ್ನಡಿಯ ಮುಂದೆ ತನ್ನ ಮೈಯನ್ನು ತಾನೇ ಹಳಿದುಕೊಳ್ಳುವುದನ್ನು ಮಗಳು ಬಾಗಿಲ ಮರೆಯಿಂದ ಕೇಳುತ್ತಿರುವಳು. ಅವಳಿಗೆ ಅದೇ ಮೊದಲ ಪಾಠ. ಹೆತ್ತವರಿಗೆ ಹೆಗ್ಗಣ ಮುದ್ದೆಂದು ನಾವು ನಗುತ್ತೇವೆ. ಆದರೆ ಹೆತ್ತವರ ಕಣ್ಣಿನಲ್ಲಿಯೇ ತಾನು ಮುದ್ದಲ್ಲವೆಂದು ಕಂಡ ಮಗುವಿಗೆ ಲೋಕದ ಹೊಗಳಿಕೆಯಾವುದೂ ಸಾಲದು.

ಮೈಯು ನಮಗೆ ದುಡಿಯುವುದಕ್ಕೆ, ನಡೆಯುವುದಕ್ಕೆ, ಕೂಸನ್ನು ಎತ್ತಿಕೊಳ್ಳುವುದಕ್ಕೆ, ಇನ್ನೊಬ್ಬರ ಕಣ್ಣೀರು ಒರೆಸುವುದಕ್ಕೆ ದೊರೆತ ಸಾಧನ. ಅದನ್ನು ಚೊಕ್ಕಟವಾಗಿ, ಬಲವಾಗಿ ಇಟ್ಟುಕೊಳ್ಳುವುದು ಕರ್ತವ್ಯ. ಪರರ ಮೆಚ್ಚಿಕೆಗಾಗಿ ಅದನ್ನು ಹಿಂಸಿಸುವುದು ಕರ್ತವ್ಯವಲ್ಲ. ಬರುವ ಹಬ್ಬಕ್ಕೆ ನೆಂಟರು ಕೂಡಿದಾಗ ನಮ್ಮ ವಾಚಕರು ಮೈಯನ್ನು ಕುರಿತ ಒಂದು ಮಾತನ್ನು ನಾಲಗೆಯ ತುದಿಯಲ್ಲಿಯೇ ತಡೆದು, ಅದರ ಬದಲು ಇನ್ನೊಂದು ಸೌಟು ಸಾರು ಬಡಿಸಲಿ. ಅಷ್ಟಾದರೆ ಈ ತಿಂಗಳ ನಮ್ಮ ಬರಹ ಸಾರ್ಥಕ.